ಕೊನೆಯ ಮಾತನ್ನು ಮೊದಲೇ ಆಡಿಟ್ಟುಕೊಳ್ಳುವುದು ಹೇಗೆ?

“ಬಿಡ್ತು ಅನ್ನು.” ಹಿರಿಯರು ತಮ್ಮ ಸಾವಿನ ಮಾತನ್ನು ಎತ್ತಿದೊಡನೆ ಮನೆಯವರು ಹೇಳುವುದು ಇದನ್ನೇ, ಮತ್ತು ಬಹುಪಾಲು ಮನೆಗಳಲ್ಲಿ ಮಾತು ಅಲ್ಲಿಗೇ ನಿಂತುಹೋಗುತ್ತದೆ. ನನ್ನ ಸೋದರತ್ತೆಯೂ ಎರಡು ಮೂರು ಬಾರಿ ಏನನ್ನೋ ಹೇಳಹೊರಟು, ಈ ಎರಡು ಪದಗಳನ್ನು ಕೇಳಿ ಸುಮ್ಮನಾದವರು. 78ನೆಯ ವಯಸ್ಸಿನಲ್ಲಿ ಮೆದುಳಿನಲ್ಲಿ ರಕ್ತಸ್ರಾವವಾಗಿ ಅವರು ಆಸ್ಪತ್ರೆಯ ತೀವ್ರ ನಿಗಾ ಘಟಕ ಸೇರಿದಾಗ, ಚೇತರಿಕೆಯ ಭರವಸೆಯಿಲ್ಲವೆಂದು ವೈದ್ಯರು ಐದನೆಯ ದಿನವೇ ತಿಳಿಸಿದರೂ, ವೆಂಟಿಲೇಟರ್ ಮುಂದುವರಿಯಬೇಕೇ ಬೇಡವೇ ಎಂದು ಹೇಳುವ ಧೈರ್ಯ ಮೂವರು ಗಂಡುಮಕ್ಕಳಲ್ಲಿ ಒಬ್ಬರಿಗೂ ಬರಲಿಲ್ಲ. ಅತ್ತೆ 19 ದಿನ ಹಾಗೆಯೇ ಇದ್ದರು. ಅವರು ಹೋದ ಮೇಲೆ “ಬೇಡವೆಂದು ನೀನಾದರೂ ಹೇಳಬೇಕಿತ್ತು”, “ನೀನು ಬೇರೆ ಆಸ್ಪತ್ರೆಗೆ ಸೇರಿಸಬೇಕಿತ್ತು” ಎಂಬ ಮಾತು ವೈಕುಂಠ ಸಮಾರಾಧನೆಯ ಪಂಕ್ತಿಯವರೆಗೂ ಬಂತು. ಹೋಗುವವರು ಹೇಳದೆ ಬಿಟ್ಟದ್ದು ಉಳಿದವರ ದುಃಖದೊಳಗೆ ತಪ್ಪಿತಸ್ಥ ಭಾವವಾಗಿ ಸೇರಿಕೊಳ್ಳುವುದನ್ನು ಅಂದು ನಾನು ಹತ್ತಿರದಿಂದ ಕಂಡೆ. ಆದ್ದರಿಂದಲೇ ಕೊನೆಗಾಲದ ಸಿದ್ಧತೆಯನ್ನೂ ಅಗಲಿಕೆಯ ನಂತರದ ದಿನಗಳನ್ನೂ ಇಲ್ಲಿ ಒಂದೇ ಲೇಖನದಲ್ಲಿ ಇಟ್ಟಿದ್ದೇನೆ.

ಮೊದಲ ಹೆಜ್ಜೆ: ಮಾತು ಎತ್ತುವುದು

ಈ ಮಾತಿಗೆ ಆಸ್ಪತ್ರೆಯ ಕಾರಿಡಾರ್ ಜಾಗವಲ್ಲ, ಹಬ್ಬಕ್ಕೆ ಎಲ್ಲರೂ ಸೇರಿದ ಹೊತ್ತೂ ಅಲ್ಲ. ನನ್ನ ಅನುಭವದಲ್ಲಿ, ಪರಿಚಿತರೊಬ್ಬರ ಸಾವಿಗೆ ಹೋಗಿ ಬಂದು, ಸ್ನಾನ ಮುಗಿಸಿ, ಕಾಫಿ ಹಿಡಿದು ಕುಳಿತ ಹೊತ್ತು ಇದಕ್ಕೆ ಒದಗಿ ಬರುತ್ತದೆ, ಏಕೆಂದರೆ ಆಗ ಮಾತು ಹೇಗಿದ್ದರೂ ಸಾವಿನ ಸುತ್ತಲೇ ಇರುತ್ತದೆ. “ಅಮ್ಮ, ಅತ್ತೆಗೆ ಹಾಗಾಯಿತಲ್ಲ, ನಿನಗೆ ಹಾಗಾದರೆ ನಾವೇನು ಮಾಡಬೇಕು?” ಎಂದು ಕೇಳಿದರೆ, ಕೇಳಿದವರು ಅಂಜುವಷ್ಟು ಹಿರಿಯರು ಅಂಜುವುದಿಲ್ಲ. ನನ್ನ ತಾಯಿ ಉತ್ತರಿಸಲು ಅರ್ಧ ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ; ಅವರ ಮನಸ್ಸಿನಲ್ಲಿ ಉತ್ತರ ವರ್ಷಗಳಿಂದ ಸಿದ್ಧವಾಗಿತ್ತು, ಕೇಳುವವರಿರಲಿಲ್ಲ ಅಷ್ಟೆ.

ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ವಾಸಿಯಾಗದ ಹಂತ ಬಂದರೆ ಆಸ್ಪತ್ರೆಯಲ್ಲಿರಬೇಕೋ ಮನೆಯಲ್ಲೋ, ಯಂತ್ರದ ಉಸಿರಾಟ ಬೇಕೋ ಬೇಡವೋ, ತಮಗೆ ಮಾತು ನಿಂತಾಗ ತಮ್ಮ ಪರವಾಗಿ ಯಾರು ಮಾತನಾಡಬೇಕು, ಕಾಯಿಲೆಯ ವಿಷಯವನ್ನು ತಮಗೆ ಪೂರ್ತಿ ಹೇಳಬೇಕೋ ಇಲ್ಲವೋ, ಇವಿಷ್ಟಕ್ಕೆ ಉತ್ತರ ಸಿಕ್ಕಿದರೆ ಉಳಿದದ್ದು ತಾನಾಗಿ ಬರುತ್ತದೆ. ಕೊನೆಯ ಪ್ರಶ್ನೆಯನ್ನು ಮಾತ್ರ ಬಿಡಬೇಡಿ. ಕ್ಯಾನ್ಸರ್ ಎಂಬ ಪದವನ್ನು ರೋಗಿಯಿಂದ ಬಚ್ಚಿಡುವುದು ನಮ್ಮಲ್ಲಿ ಪ್ರೀತಿಯ ಲಕ್ಷಣವೆನಿಸಿಕೊಂಡಿದೆ, ಆದರೆ ತಿಳಿಯದವರು ತಮ್ಮ ಕೊನೆಯ ತಿಂಗಳುಗಳನ್ನು ಹೇಗೆ ಕಳೆಯಬೇಕೆಂದು ನಿರ್ಧರಿಸುವಂತಿಲ್ಲ.

ಎರಡನೆಯ ಹೆಜ್ಜೆ: ಮಾತನ್ನು ಕಾಗದಕ್ಕೆ ಇಳಿಸುವುದು

ಬಾಯಿಮಾತಿನ ಇಚ್ಛೆಗೆ ಕಾನೂನಿನ ಬಲ ಬರುವುದು ‘ಮುಂಗಡ ವೈದ್ಯಕೀಯ ನಿರ್ದೇಶನ’ದಿಂದ. ಜನರ ಬಾಯಲ್ಲಿ ಇದು ಲಿವಿಂಗ್ ವಿಲ್. ಇದರ ಹಿಂದಿನ ಕಥೆಗೆ ನಮ್ಮ ಕರಾವಳಿಯ ನಂಟಿದೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ 1973ರ ನವೆಂಬರ್‌ನಲ್ಲಿ ನಡೆದ ಕ್ರೂರ ದಾಳಿಯ ನಂತರ 2015ರ ಮೇ 18ರಂದು ಸಾಯುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ದಯಾಮರಣ ಕೋರಿದ್ದ ಅರ್ಜಿಯನ್ನು 2011ರಲ್ಲಿ ತಿರಸ್ಕರಿಸಿದ ಸುಪ್ರೀಂ ಕೋರ್ಟ್, ಅದೇ ತೀರ್ಪಿನಲ್ಲಿ ವ್ಯರ್ಥವಾದ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಬಾಗಿಲನ್ನು ಮೊದಲ ಬಾರಿಗೆ ತೆರೆಯಿತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠವು ಘನತೆಯಿಂದ ಸಾಯುವುದು ಸಂವಿಧಾನದ 21ನೆಯ ವಿಧಿ ನೀಡುವ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ ಲಿವಿಂಗ್ ವಿಲ್‌ಗೆ ಮಾನ್ಯತೆ ನೀಡಿತು. ಅಂದಿನ ವಿಧಾನದಲ್ಲಿ ನ್ಯಾಯಾಂಗ ಮ್ಯಾಜಿಸ್ಟ್ರೇಟರ ಸಹಿಯೂ ಬೇಕಿದ್ದುದರಿಂದ ಅದು ಸಾಮಾನ್ಯರ ಕೈಗೆ ಎಟುಕಲಿಲ್ಲ, ಮತ್ತು 2023ರ ಜನವರಿಯಲ್ಲಿ ನ್ಯಾಯಾಲಯವೇ ಅದನ್ನು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿ ಇದನ್ನು ರಾಜ್ಯದಲ್ಲಿ ಜಾರಿಗೆ ತಂದಿದೆ.

ಈಗಿನ ವಿಧಾನದಲ್ಲಿ, ವಯಸ್ಕರಾದ ಮತ್ತು ಸ್ವಸ್ಥ ಮನಸ್ಸಿನವರಾದ ಯಾರು ಬೇಕಾದರೂ ಸ್ವಇಚ್ಛೆಯಿಂದ ಪತ್ರವನ್ನು ಬರೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಸಾಕ್ಷಿಗಳು ಮನೆಯ ಹೊರಗಿನವರಾಗಿರುವುದು ಒಳ್ಳೆಯದು. ತಮ್ಮ ಪರವಾಗಿ ನಿರ್ಧಾರ ಹೇಳುವವರ ಹೆಸರನ್ನು ಪತ್ರದಲ್ಲಿ ಬರೆಯಬೇಕು. ಒಬ್ಬರಿಗಿಂತ ಹೆಚ್ಚು ಜನರನ್ನೂ ಹೆಸರಿಸಬಹುದು. ಮೂವರು ಮಕ್ಕಳಿದ್ದರೆ ಯಾರಿಗೂ ಬೇಸರವಾಗದಿರಲೆಂದು ಮೂವರ ಹೆಸರನ್ನೂ ಬರೆಯುವವರಿದ್ದಾರೆ, ಆದರೆ ಅದರಿಂದ ನಿರ್ಧಾರ ಮತ್ತೆ ಕಾರಿಡಾರಿಗೇ ಬಂದು ನಿಲ್ಲುತ್ತದೆ. ಹಿರಿಯ ಮಗನ ಹೆಸರೇ ಇರಬೇಕೆಂದೂ ಇಲ್ಲ. ಒತ್ತಡದಲ್ಲಿ ಅಲುಗದೆ ನಿಮ್ಮ ಮಾತನ್ನು ನಿಮ್ಮ ಮಾತಿನಂತೆಯೇ ಹೇಳಬಲ್ಲವರು ಯಾರೋ ಅವರ ಹೆಸರಿರಲಿ.

ಬರೆಯುವಾಗ ಆಗುವ ದೊಡ್ಡ ತಪ್ಪೆಂದರೆ ಅಸ್ಪಷ್ಟತೆ. “ನನ್ನನ್ನು ಹಿಂಸೆಪಡಿಸಬೇಡಿ” ಎಂಬ ವಾಕ್ಯ ಹೃದಯಕ್ಕೆ ಅರ್ಥವಾಗುತ್ತದೆ, ವೈದ್ಯರಿಗೆ ಉಪಯೋಗಕ್ಕೆ ಬರುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು: “ವಾಸಿಯಾಗದ ಕಾಯಿಲೆಯ ಕೊನೆಯ ಹಂತದಲ್ಲಿದ್ದು, ನನ್ನ ನಿರ್ಧಾರವನ್ನು ನಾನೇ ಹೇಳಲಾಗದ ಸ್ಥಿತಿಯಲ್ಲಿದ್ದರೆ, ಕೃತಕ ಉಸಿರಾಟ, ಡಯಾಲಿಸಿಸ್ ಮತ್ತು ನಿಂತ ಹೃದಯವನ್ನು ಎದೆ ಒತ್ತಿ ಮತ್ತೆ ನಡೆಸುವ ಪ್ರಯತ್ನ ನನಗೆ ಬೇಡ, ನೋವು, ಉಬ್ಬಸ ಮತ್ತು ಬಾಯಿ ಒಣಗುವುದಕ್ಕೆ ಬೇಕಾದ ಆರೈಕೆ ಕೊನೆಯವರೆಗೂ ಬೇಕು.” ಮೂಗಿನ ಪೈಪಿನಿಂದ ಆಹಾರ ಕೊಡುವ ವಿಷಯವನ್ನು ಪ್ರತ್ಯೇಕವಾಗಿ ಬರೆಯಿರಿ. ವೆಂಟಿಲೇಟರ್ ಬೇಡವೆನ್ನಲು ಒಪ್ಪುವ ಮಕ್ಕಳು ಅನ್ನ ನಿಲ್ಲಿಸುವ ಮಾತಿಗೆ ಒಡೆದುಹೋಗುತ್ತಾರೆ. ಈ ಪತ್ರವನ್ನು ಯಾವಾಗ ಬೇಕಾದರೂ ರದ್ದುಪಡಿಸಬಹುದೆಂಬ ವಾಕ್ಯವೂ ಅದರಲ್ಲಿರಬೇಕು. ಪ್ರತಿಗಳು ನೀವು ಹೆಸರಿಸಿದವರ ಬಳಿ, ಮನೆಯ ವೈದ್ಯರ ಬಳಿ ಮತ್ತು ಪಂಚಾಯಿತಿ ಅಥವಾ ಪಾಲಿಕೆಯ ನಿಯೋಜಿತ ಅಧಿಕಾರಿಯ ಬಳಿ ಇರಬೇಕು. ಬೀರುವಿನ ಲಾಕರಿನಲ್ಲಿ ಮಾತ್ರ ಇರುವ ಪತ್ರ ರಾತ್ರಿ ಎರಡು ಗಂಟೆಗೆ ಯಾರಿಗೂ ಸಿಗದು.

ಪತ್ರ ತೋರಿಸಿದೊಡನೆ ಆಸ್ಪತ್ರೆಯವರು ಯಂತ್ರ ತೆಗೆಯುತ್ತಾರೆಂಬ ಭಯ ಬೇಡ. ಚಿಕಿತ್ಸೆ ನೀಡುತ್ತಿರುವ ವೈದ್ಯರು ಮತ್ತು ಕನಿಷ್ಠ ಐದು ವರ್ಷ ಅನುಭವವಿರುವ ಇಬ್ಬರು ತಜ್ಞರ ಪ್ರಾಥಮಿಕ ಮಂಡಳಿ ಮೊದಲು ಪರಿಶೀಲಿಸುತ್ತದೆ. ನಂತರ ಜಿಲ್ಲೆಯ ಆರೋಗ್ಯ ಅಧಿಕಾರಿ ಸೂಚಿಸಿದ ವೈದ್ಯರೊಬ್ಬರಿರುವ ಎರಡನೆಯ ಮಂಡಳಿ ಅದನ್ನು ಒಪ್ಪಬೇಕು. ಎರಡೂ ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಗಳೊಳಗೆ ಅಭಿಪ್ರಾಯ ನೀಡಬೇಕೆಂದು ನ್ಯಾಯಾಲಯ ಹೇಳಿದೆ. ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಹೋಗುತ್ತದೆ. ಪತ್ರವನ್ನೇ ಬರೆಯದವರ ವಿಷಯದಲ್ಲಿಯೂ ಕುಟುಂಬದವರ ಒಪ್ಪಿಗೆಯ ಮೇಲೆ ಹೆಚ್ಚುಕಡಿಮೆ ಇದೇ ಕ್ರಮ ನಡೆಯುತ್ತದೆ. ಇದು ತಿಳಿದಿದ್ದರೆ ನನ್ನ ಅತ್ತೆಯ ಮಕ್ಕಳು ಆ ಭಾರವನ್ನು ವೈದ್ಯರ ಮಂಡಳಿಯೊಂದಿಗೆ ಹಂಚಿಕೊಳ್ಳಬಹುದಿತ್ತು. ಚುಚ್ಚುಮದ್ದು ನೀಡಿ ಸಾವು ತರುವುದು ಬೇರೆಯೇ ವಿಷಯ, ಅದು ಇಂದಿಗೂ ಅಪರಾಧ.

ಮೂರನೆಯ ಹೆಜ್ಜೆ: ನೋವಿಲ್ಲದ ದಿನಗಳು

ಯಂತ್ರ ಬೇಡವೆಂದರೆ ಆರೈಕೆ ಬೇಡವೆಂದಲ್ಲ. ವಾಸಿಮಾಡಲಾಗದಾಗ ನೋವು, ವಾಕರಿಕೆ, ಉಸಿರಾಟದ ಸಂಕಟಗಳನ್ನು ತಗ್ಗಿಸುವ ಉಪಶಾಮಕ ಆರೈಕೆ ಎಂಬ ವೈದ್ಯಕೀಯ ವಿಭಾಗವೇ ಇದೆ. ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಮಾರ್ಫಿನ್ ಎಂದೊಡನೆ ಚಟ ಹತ್ತುತ್ತದೆಂದು ಹಿಂಜರಿಯುವ ಮನೆಯವರು ಬಹಳ. ವೈದ್ಯರ ಉಸ್ತುವಾರಿಯಲ್ಲಿ ನೋವಿಗೆ ತಕ್ಕ ಪ್ರಮಾಣದಲ್ಲಿ ನೀಡುವ ಮಾರ್ಫಿನ್ ಕೊನೆಯ ದಿನಗಳ ದೊಡ್ಡ ಸಹಾಯ, ಮತ್ತು ಮಾದಕವಸ್ತು ಕಾನೂನಿನ 2014ರ ತಿದ್ದುಪಡಿ ಅದರ ಪೂರೈಕೆಯ ತೊಡಕುಗಳನ್ನು ಸಡಿಲಿಸಿದೆ.

ನಾಲ್ಕನೆಯ ಹೆಜ್ಜೆ: ಕಾಗದಪತ್ರ

ಉಯಿಲು ಸಾಮಾನ್ಯ ಬಿಳಿ ಹಾಳೆಯಲ್ಲಿದ್ದರೂ ನಡೆಯುತ್ತದೆ. ಇಬ್ಬರು ಸಾಕ್ಷಿಗಳು ಬೇಕು, ನೋಂದಣಿ ಕಡ್ಡಾಯವಲ್ಲ, ಆದರೆ ತಕರಾರು ಬರಬಹುದಾದ ಮನೆಗಳಲ್ಲಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವುದು ಲೇಸು. ನಾಮಿನಿಯೇ ವಾರಸುದಾರನೆಂಬ ನಂಬಿಕೆ ತಪ್ಪು, ನಾಮಿನಿ ಹಣವನ್ನು ಪಡೆದು ಹಕ್ಕುಳ್ಳವರಿಗೆ ತಲುಪಿಸುವ ವ್ಯಕ್ತಿ. 2025ರ ನವೆಂಬರ್‌ನಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಕಣ್ಣು, ಅಂಗಾಂಗ ಅಥವಾ ದೇಹದಾನದ ಇಚ್ಛೆಯಿದ್ದರೆ ಮನೆಯವರಿಗೆ ಹೇಳಿಡಿ, ಏಕೆಂದರೆ ಪ್ರತಿಜ್ಞಾಪತ್ರ ಎಷ್ಟಿದ್ದರೂ ಆ ಹೊತ್ತಿನಲ್ಲಿ ಒಪ್ಪಿಗೆ ಕೊಡುವವರು ಅವರೇ. ಅಂಗಾಂಗ ದಾನದ ನೋಂದಣಿಗೆ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಎಂಬ ಸಂಸ್ಥೆ ಇದೆ. ಕಣ್ಣುಗಳನ್ನು ಆರು ಗಂಟೆಗಳೊಳಗೆ ತೆಗೆಯಬೇಕು. ನೇತ್ರ ಬ್ಯಾಂಕಿನವರು ಬರುವವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯನ್ನು ದಿಂಬಿನಿಂದ ತುಸು ಎತ್ತರಿಸಬೇಕು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳು ನಾಲ್ವರಿಗೆ ದೃಷ್ಟಿ ನೀಡಿದ್ದು ಇಂಥ ತ್ವರಿತ ಒಪ್ಪಿಗೆಯಿಂದಲೇ.

ಇನ್ನೊಂದು ವಿಷಯವನ್ನು ಯಾವ ನಮೂನೆಯೂ ಕೇಳುವುದಿಲ್ಲ. ನಮ್ಮ ದೊಡ್ಡಪ್ಪ ತಮ್ಮ ಪತ್ರದ ಕೊನೆಯಲ್ಲಿ “ನನ್ನ ಹೆಂಡತಿಯ ಬಳೆಗೂ ಕುಂಕುಮಕ್ಕೂ ಯಾರೂ ಕೈಹಾಕಕೂಡದು” ಎಂದು ಬರೆದಿದ್ದರು. ಶಾಸ್ತ್ರಕ್ಕೆಂದು ಕುಳಿತ ಹೆಂಗಸರ ಮುಂದೆ ಮಗ ಅದನ್ನು ಓದಿದಾಗ, ವಾದ ಮಾಡಬಹುದಾಗಿದ್ದ ಹಿರಿಯರೂ ಸತ್ತವರ ಇಚ್ಛೆಯೆಂಬ ಒಂದೇ ಕಾರಣಕ್ಕೆ ಎದ್ದುಹೋದರು.

ಐದನೆಯ ಹೆಜ್ಜೆ: ಸೂತಕದ ದಿನಗಳು

ಸಾವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಸ್ಪತ್ರೆಯ ಸಾವನ್ನು ಆಸ್ಪತ್ರೆಯೇ ವರದಿ ಮಾಡುತ್ತದೆ, ಮನೆಯಲ್ಲಿ ಸಂಭವಿಸಿದ್ದನ್ನು ಮನೆಯವರೇ ತಿಳಿಸಬೇಕು, ಮತ್ತು ಕೊನೆಯ ಕಾಯಿಲೆಯಲ್ಲಿ ನೋಡಿದ ವೈದ್ಯರಿಂದ ಸಾವಿನ ಕಾರಣದ ಪ್ರಮಾಣಪತ್ರ ಪಡೆದಿಡಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕಾಗುತ್ತದೆ. ಹೆಸರಿನ ವಿಷಯದಲ್ಲಿ ಎಚ್ಚರವಿರಲಿ: ಆಧಾರ್‌ನಲ್ಲಿ ಪುಟ್ಟತಾಯಮ್ಮ, ಪಹಣಿಯಲ್ಲಿ ಪುಟ್ಟಮ್ಮ, ಮರಣ ಪ್ರಮಾಣಪತ್ರದಲ್ಲಿ ಬರಿಯ ತಾಯಮ್ಮ ಎಂದಿದ್ದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ಅಲೆಯುವುದು ತಪ್ಪದು. ಪೌತಿ ಖಾತೆಗೆ ಮರಣ ಪ್ರಮಾಣಪತ್ರದ ಜೊತೆಗೆ ನಾಡಕಚೇರಿಯ ವಂಶವೃಕ್ಷವೂ ಬೇಕು.

ಪಾಸ್‌ಬುಕ್ಕನ್ನು ಸಾಲುಸಾಲಾಗಿ ಓದಿ. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, ನಾಮಿನಿಗೆ ಎರಡು ಲಕ್ಷ ರೂಪಾಯಿ ಬರುತ್ತದೆ, ಮತ್ತು ಈ ಒಂದು ಸಾಲನ್ನು ಗಮನಿಸದೆ ಬಿಟ್ಟವರನ್ನು ನಾನು ಬಲ್ಲೆ. ತೀರಿಕೊಂಡವರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ತಿಥಿ ಮುಗಿಯುವ ಮೊದಲು ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಅಕ್ಕತಂಗಿಯರೆಲ್ಲ ಹೇಗೂ ಸೇರಿದ್ದಾರೆಂದು ಹದಿಮೂರನೆಯ ದಿನದ ಊಟದ ಬಳಿಕ ಹಕ್ಕು ಬಿಡುಗಡೆ ಪತ್ರ ಮುಂದಿಡುವುದು ನಮ್ಮ ಊರುಗಳ ಹಳೆಯ ಚಾಳಿ. ಅಳುತ್ತಿರುವವರ ಕೈಗೆ ಪೆನ್ನು ಕೊಡುವುದು ಸರಿಯಲ್ಲ.

ಹದಿನಾಲ್ಕನೆಯ ದಿನದಿಂದ

ನೆಂಟರು ಬಸ್ಸು ಹತ್ತಿದ ಮೇಲೆ ದುಃಖ ನಿಜವಾಗಿ ಮನೆಗೆ ಬರುತ್ತದೆ. ಹೋದವರ ಕೆಮ್ಮು ಕೇಳಿದಂತಾಗುವುದು, ಅವರ ಮೇಲೆಯೇ ಸಿಟ್ಟು ಬರುವುದು, ಒಲೆಯ ಮೇಲಿಟ್ಟದ್ದನ್ನು ಮರೆಯುವುದು ಹುಚ್ಚಿನ ಲಕ್ಷಣಗಳಲ್ಲ. ವರ್ಷಗಟ್ಟಲೆ ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಮೊದಲು ಬರುವುದು ನಿರಾಳತೆ, ಅದರ ಬೆನ್ನಿಗೇ ನಾಚಿಕೆ. ಆ ನಿರಾಳತೆ ಪಾಪವಲ್ಲವೆಂದು ಯಾರಾದರೂ ಅವರಿಗೆ ಬಾಯಿಬಿಟ್ಟು ಹೇಳಬೇಕು. ಉಳಿದ ಸಂಗಾತಿಯ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಈ ಎರಡು ವಾರಗಳಲ್ಲಿ ತಪ್ಪಿಹೋಗಿರುತ್ತವೆ, ಡಬ್ಬಿ ತೆರೆದು ನೋಡಿ. “ಏನು ಬೇಕಾದರೂ ಹೇಳಿ” ಎಂದು ಹೊರಡುವುದಕ್ಕಿಂತ “ಗುರುವಾರ ಬರುತ್ತೇನೆ, ಬ್ಯಾಂಕಿಗೆ ಜೊತೆಯಲ್ಲೇ ಹೋಗೋಣ” ಎನ್ನುವುದು ನಿಜವಾದ ಸಹಾಯ. ಮಕ್ಕಳಿಗೆ ಅಜ್ಜ ಮಲಗಿದ್ದಾರೆ, ಊರಿಗೆ ಹೋಗಿದ್ದಾರೆ ಎನ್ನಬೇಡಿ. ಮಲಗುವುದಕ್ಕೂ, ಅಪ್ಪ ಊರಿಗೆ ಹೊರಟಾಗಲೂ ಅವು ಹೆದರತೊಡಗುತ್ತವೆ. ಸತ್ತರು, ಇನ್ನು ಬರುವುದಿಲ್ಲ ಎಂಬ ಮಾತನ್ನು ಮಡಿಲಲ್ಲಿ ಕೂರಿಸಿಕೊಂಡು ಹೇಳಬಹುದು.

ಆರು ತಿಂಗಳು ಕಳೆದರೂ ತೀವ್ರ ಹಂಬಲ ಸ್ವಲ್ಪವೂ ತಗ್ಗದೆ, ನಿತ್ಯದ ಕೆಲಸಗಳೇ ನಡೆಯದಂತಾಗಿದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗ ವರ್ಗೀಕರಣ ಅದನ್ನು ಚಿಕಿತ್ಸೆ ಬೇಕಾದ ಸ್ಥಿತಿಯೆಂದು ಗುರುತಿಸುತ್ತದೆ. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬಾರದು. 14416 ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ವರ್ಷಾಬ್ದಿಕ ಮುಗಿದ ವಾರದಲ್ಲಿ ಮನೆಯವರೆಲ್ಲರೂ ತಮ್ಮ ತಮ್ಮ ಕಾಗದಗಳನ್ನು ಹೊರತೆಗೆಯುವುದು ಒಳ್ಳೆಯದು. ಅಪ್ಪ ಹೋದ ಹದಿನಾಲ್ಕು ತಿಂಗಳ ನಂತರ ಅಮ್ಮನ ಪಾಸ್‌ಬುಕ್ ತೆರೆದಾಗ, ನಾಮಿನಿ ಎಂಬಲ್ಲಿ ಇನ್ನೂ ಅಪ್ಪನ ಹೆಸರೇ ಇತ್ತು.