ಮನೆಯೊಳಗಿನ ಆಮೆಕೊಳ: ಮೂರನೆಯ ಸಲ ನಿಂತ ನೀರು

ಮರದ ಚೌಕಟ್ಟಿನೊಳಗೆ ರಬ್ಬರ್ ಲೈನರ್ ಹಾಸಿ ಮನೆಯೊಳಗೇ ಆಮೆಗಳಿಗೆ ಕೊಳ ಕಟ್ಟುತ್ತೇನೆ ಎಂದಾಗ, ಆಮೆ ಸಾಕಿ ಪಳಗಿದ ಗೆಳೆಯರೆಲ್ಲರೂ ಬೇಡವೆಂದೇ ಹೇಳಿದ್ದರು. ಉಗುರು ತಾಗಿ ಲೈನರ್ ಹರಿಯುತ್ತದೆ, ಆರು ತಿಂಗಳೂ ಬಾಳುವುದಿಲ್ಲ ಎಂಬುದು ಅವರ ವಾದವಾಗಿತ್ತು. ಆ ಕೊಳಕ್ಕೆ ನೀರು ತುಂಬಿ ಈಗ 19 ತಿಂಗಳು ಕಳೆದಿವೆ. ಮೂರು ರೆಡ್ ಇಯರ್ಡ್ ಸ್ಲೈಡರ್ (ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ನೀರಾಮೆ) ಆಮೆಗಳು ಅದರಲ್ಲಿ ಹಗಲೆಲ್ಲ ಓಡಾಡುತ್ತಿವೆ. ಲೈನರ್ ಹರಿದು ಒಂದು ಹನಿ ನೀರೂ ಸೋರಿಲ್ಲ. ಹಾಗೆ ಬೇಡವೆಂದವರಲ್ಲಿ ಇಬ್ಬರು ಕಳೆದ ತಿಂಗಳು ಬಂದು ಅಳತೆ ಬರೆದುಕೊಂಡು ಹೋದರು. ಇದನ್ನು ಬರೆಯುವ ಧೈರ್ಯ ಬಂದದ್ದು ಅದರಿಂದಲೇ.

ಗಾಜಿನ ತೊಟ್ಟಿ ಸಾಲದೆ ಹೋದದ್ದು ಹೇಗೆಂದು ಈ ಆಮೆಗಳನ್ನು ಸಾಕಿದವರಿಗೆ ವಿವರಿಸಬೇಕಾಗಿಲ್ಲ. ಅಂಗೈಯಲ್ಲಿ ಹಿಡಿಯುವಷ್ಟಿದ್ದ ಮರಿ ನಾಲ್ಕೈದು ವರ್ಷಗಳಲ್ಲಿ ಊಟದ ತಟ್ಟೆಯಷ್ಟಾಗುತ್ತದೆ. ನನ್ನ ದೊಡ್ಡ ಹೆಣ್ಣಾಮೆಯ ಚಿಪ್ಪು ಈಗ 26 ಸೆಂಟಿಮೀಟರ್ ಉದ್ದವಿದೆ. ಕೆರೆಗೋ ಹೊಳೆಗೋ ಬಿಟ್ಟುಬಿಡಿ ಎಂದು ಸಲಹೆ ಕೊಡುವವರಿಗೆ ನಾನು ಖಡಾಖಂಡಿತವಾಗಿ ಇಲ್ಲವೆನ್ನುತ್ತೇನೆ. ಜಗತ್ತಿನ ಅತ್ಯಂತ ಹಾನಿಕಾರಕ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯೂ ಇದೆ. ಬಿಟ್ಟ ಕಡೆ ಸ್ಥಳೀಯ ಆಮೆಗಳ ಬಿಸಿಲಿನ ಜಾಗವನ್ನೂ ಆಹಾರವನ್ನೂ ಕಸಿದುಕೊಳ್ಳುತ್ತದೆ. ತಂದವರೇ ಕೊನೆಯವರೆಗೆ ನೋಡಿಕೊಳ್ಳಬೇಕು, ಆ ಕೊನೆ ಮೂವತ್ತು ವರ್ಷದ ಆಚೆಗೂ ಇರಬಹುದು.

ಮೊದಲನೆಯ ಸಲ ಇಟ್ಟಿಗೆ ಕಟ್ಟಿ ಸಿಮೆಂಟು ಮೆತ್ತಿದೆ. ತೊಟ್ಟಿ ಗಟ್ಟಿಯಾಗಿಯೇ ಬಂತು, ಆದರೆ ಹೊಸ ಸಿಮೆಂಟಿನಿಂದ ಸುಣ್ಣ ಬಿಡುತ್ತಲೇ ಇತ್ತು. ನೀರಿನ ಕ್ಷಾರತೆ ತೋರುವ ಪಿಎಚ್ 9ರ ಆಚೆಗೆ ಹೋಗಿ ಕುಳಿತು, ಹತ್ತು ಹನ್ನೆರಡು ಬಾರಿ ನೀರು ಬದಲಿಸಿದರೂ ಇಳಿಯಲಿಲ್ಲ. ಕೊನೆಗೆ ಒಡೆಸಿದೆ; ಕಟ್ಟಿಸುವುದಕ್ಕೆ ಎಷ್ಟು ಖರ್ಚಾಗಿತ್ತೋ ಅದರ ಕಾಲುಭಾಗ ಒಡೆದು ಸಾಗಿಸುವುದಕ್ಕೂ ಆಯಿತು. ಎರಡನೆಯ ಸಲ 18 ಮಿಲಿಮೀಟರ್ ಪ್ಲೈವುಡ್ ಪೆಟ್ಟಿಗೆ ಮಾಡಿ ಒಳಗೆ ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳ ಬಳಿದೆ. ಕನ್ನಡಿಯಂತೆ ಹೊಳೆಯುತ್ತಿತ್ತು. ನಾಲ್ಕನೆಯ ತಿಂಗಳಿನ ಒಂದು ಬೆಳಿಗ್ಗೆ ಪೆಟ್ಟಿಗೆಯ ಬುಡದಲ್ಲಿ ಬೆರಳಗಲದ ಕಪ್ಪು ಗೆರೆ ಕಾಣಿಸಿತು. ಒತ್ತಿ ನೋಡಿದರೆ ಪ್ಲೈವುಡ್ ನೆನೆದ ರಟ್ಟಿನಂತೆ ಒಳಕ್ಕೆ ಹೋಯಿತು. ಮರ ನೀರಿನ ಭಾರಕ್ಕೆ ಕೂದಲೆಳೆಯಷ್ಟು ಬಾಗಿದರೂ ಸಾಕು, ಬಾಗಲಾರದ ಎಪಾಕ್ಸಿ ಮೂಲೆಯಲ್ಲಿ ಸೀಳುತ್ತದೆ. ಅದರ ಮೇಲೆ ಸಿಲಿಕೋನ್ ಹಚ್ಚಿ ಮತ್ತೆರಡು ವಾರ ತಳ್ಳಿದ್ದು ನನ್ನ ಮೊಂಡುತನ. ಈ ಎರಡು ಪ್ರಯತ್ನಗಳಲ್ಲಿ, ನೆನಪಿನ ಲೆಕ್ಕದಲ್ಲಿ, ನನ್ನ ಒಟ್ಟು ಖರ್ಚಿನ ಐದರಲ್ಲಿ ಎರಡು ಪಾಲು ನೀರಲ್ಲಿ ಹೋಯಿತು.

ಮರ ಬಾಗಿದರೆ ಜೊತೆಯಲ್ಲೇ ಬಾಗುವ ಒಳಹೊದಿಕೆ ಬೇಕೆಂದು ಆಗ ಅರ್ಥವಾಯಿತು. ಅದಕ್ಕೇ ಇಪಿಡಿಎಂ ರಬ್ಬರ್ ಲೈನರ್, 1 ಮಿಲಿಮೀಟರ್ ದಪ್ಪದ್ದು, ಮೀನುಕೊಳಕ್ಕೆ ಬಳಸುವ ದರ್ಜೆಯದು. ಮನೆಯ ಚಾವಣಿಗೆ ಹಾಸುವ ದರ್ಜೆಯದು ಅಗ್ಗವಾಗಿ ಸಿಗುತ್ತದೆ; ಅದರಲ್ಲಿ ಏನು ಬೆರೆಸಿರುತ್ತಾರೋ ಎಂಬ ಅಂಜಿಕೆಯಿಂದ ಅದನ್ನು ಮುಟ್ಟಲಿಲ್ಲ. ಕೊಳದ ಒಳ ಅಳತೆ ಉದ್ದ 180, ಅಗಲ 90, ಗೋಡೆಯ ಎತ್ತರ 60 ಸೆಂಟಿಮೀಟರ್. ನೀರು 45ರವರೆಗೆ ಮಾತ್ರ, ಅಂದರೆ ಹೆಚ್ಚುಕಡಿಮೆ 730 ಲೀಟರ್. ಲೈನರ್ 360ಕ್ಕೆ 270 ಸೆಂಟಿಮೀಟರ್ ಬೇಕಾಯಿತು. ಅದರಡಿಗೆ ದಪ್ಪ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಎರಡು ಪದರ ಹಾಸಿದೆ, ಪ್ರತಿಯೊಂದು ಸ್ಕ್ರೂವಿನ ತಲೆಯನ್ನೂ ಒಳಕ್ಕಿಳಿಸಿ ಪುಟ್ಟಿ ತುಂಬಿ ಉಜ್ಜಿದೆ. ಉಗುರಿಗಿಂತ ಸ್ಕ್ರೂ ದೊಡ್ಡ ಶತ್ರು. ಉಗುರಿನ ಗೀರುಗಳು ಲೈನರಿನ ಮೇಲೆ ಇವೆ, ಬೆರಳಾಡಿಸಿದರೆ ಸಿಗುವುದೂ ಇಲ್ಲ.

ಎಷ್ಟು ಭಾರವಾಗುತ್ತದೆಂದು ಮೊದಲು ಲೆಕ್ಕ ಹಾಕಿ, ಆಮೇಲೆ ಮರ ಕೊಯ್ಯಿರಿ. ನೀರು ಮತ್ತು ಪೆಟ್ಟಿಗೆ ಸೇರಿ 800 ಕಿಲೋಗ್ರಾಂ ದಾಟುತ್ತದೆ, ಚದರ ಮೀಟರಿಗೆ ಸುಮಾರು 500 ಕಿಲೋಗ್ರಾಂ ಬೀಳುತ್ತದೆ. ವಾಸದ ಮನೆಯ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200ರ ಆಸುಪಾಸಿನ ಭಾರಕ್ಕೆ ಲೆಕ್ಕಹಾಕಿ ಕಟ್ಟಿರುತ್ತಾರೆ. ನನ್ನದು ನೆಲಮಟ್ಟದ ಕೋಣೆ, ಕೆಳಗೆ ಮಣ್ಣು, ಆದ್ದರಿಂದ ಬದುಕಿದೆ. ಗೋಡೆಯ ವಿಷಯದಲ್ಲಿ ಮಾತ್ರ ಎಡವಿದೆ. ದಪ್ಪ ಪಟ್ಟಿಯನ್ನೆಲ್ಲ ಮೇಲಂಚಿಗೆ ಬಿಗಿದು ಧೈರ್ಯವಾಗಿ ನೀರು ಬಿಟ್ಟೆ. ಅರ್ಧ ತುಂಬುವಷ್ಟರಲ್ಲಿ ಉದ್ದದ ಗೋಡೆ ನಡುವೆ ಎರಡು ಸೆಂಟಿಮೀಟರ್ ಉಬ್ಬಿತ್ತು. 45 ಸೆಂಟಿಮೀಟರ್ ನೀರು ಆ ಒಂದು ಗೋಡೆಯನ್ನು ಸುಮಾರು 180 ಕಿಲೋಗ್ರಾಂ ತೂಕದ ಬಲದಿಂದ ತಳ್ಳುತ್ತದೆ, ಅದರ ಹೆಚ್ಚಿನ ಪಾಲು ಕೆಳಭಾಗದ ಮೇಲೆ ಬೀಳುತ್ತದೆ. ನೀರು ಖಾಲಿ ಮಾಡಿ, ಪ್ರತಿ 45 ಸೆಂಟಿಮೀಟರಿಗೆ ಒಂದರಂತೆ ನೆಟ್ಟಗೆ ಮರದ ಆನಿಕೆಗಳನ್ನು ಕೊಟ್ಟು, ಅವುಗಳ ಬುಡವನ್ನು ತಳದ ಚೌಕಟ್ಟಿಗೆ ಬೋಲ್ಟ್ ಹಾಕಿ ಕಟ್ಟಿದ ಮೇಲೆ ಗೋಡೆ ಅಲುಗಲಿಲ್ಲ.

ಮೂಲೆಯ ಮಡಿಕೆಯಲ್ಲಿ ಲೈನರನ್ನು ಕತ್ತರಿಸಲೇಬಾರದು. ಹೊದಿಕೆಯ ಮೂಲೆ ಮಡಿಸುವಂತೆ ಒಂದೇ ದೊಡ್ಡ ತ್ರಿಕೋನ ಮಾಡಿ ಅಗಲದ ಗೋಡೆಗೆ ಒರಗಿಸಿದೆ. ಆ ಮಡಿಕೆಯ ಒಳಗೆ ಆಮೆ ತಲೆ ತೂರಿಸದಂತೆ ಏನಿಟ್ಟೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಅದಕ್ಕೆ ಮೂರು ವಾರ ಒದ್ದಾಡಿದ್ದೇನೆ.

ತಳದಲ್ಲಿ ತೂತು ಕೊರೆಯಲಿಲ್ಲ. ಪಂಪು ನೀರನ್ನು ಕೊಳದ ತಲೆಯ ಮೇಲೆ ಕೂರಿಸಿದ 60 ಲೀಟರಿನ ಡ್ರಮ್ಮಿಗೆ ಎತ್ತುತ್ತದೆ, ಅಲ್ಲಿ ಸ್ಪಂಜು ಮತ್ತು ಜ್ವಾಲಾಮುಖಿ ಕಲ್ಲಿನ ಚೂರುಗಳನ್ನು ದಾಟಿ ನೀರು ತಾನಾಗಿಯೇ ಕೊಳಕ್ಕೆ ಬೀಳುತ್ತದೆ. ಗಂಟೆಗೆ 1800 ಲೀಟರ್ ಎಂದು ಬರೆದ ಪಂಪು, ಅಷ್ಟು ಎತ್ತರಕ್ಕೆ ಕೊಡುವುದು 1300 ಇದ್ದರೆ ಹೆಚ್ಚು. ಮೊದಲ ತಿಂಗಳಲ್ಲೇ ಒಂದು ರಾತ್ರಿ ಡ್ರಮ್ಮಿನ ಹೊರಹೋಗುವ ಪೈಪಿಗೆ ಉದುರಿದ ಚಿಪ್ಪಿನ ಪೊರೆ ಅಡ್ಡ ಸಿಕ್ಕಿ, ಡ್ರಮ್ಮು ಉಕ್ಕಿ, ಸುಮಾರು 200 ಲೀಟರ್ ನೀರು ಕೋಣೆಯ ನೆಲದಲ್ಲಿ ನಿಂತಿತು. ಆ ಪೊರೆ ಅಭ್ರಕದ ಹಾಳೆಯಂತೆ ತೆಳ್ಳಗೆ, ಬೆಳಕಿಗೆ ಹಿಡಿದರೆ ಚಿಪ್ಪಿನ ಉಂಗುರಗಳೆಲ್ಲ ಕಾಣುವಷ್ಟು ಪಾರದರ್ಶಕವಾಗಿತ್ತು. ಅಷ್ಟು ಹಗುರವಾದ ವಸ್ತು ಅಷ್ಟು ನೀರು ಚೆಲ್ಲಿಸಿತು. ಈಗ ಒಳಬರುವ ಪೈಪಿನ ಎರಡರಷ್ಟು ಅಗಲದ ಇನ್ನೊಂದು ಪೈಪನ್ನು ಡ್ರಮ್ಮಿನ ಕುತ್ತಿಗೆಯಿಂದ ಕೊಳಕ್ಕೆ ಇಳಿಬಿಟ್ಟಿದ್ದೇನೆ. ತಳದ ಹೊಲಸನ್ನು ವಾರಕ್ಕೊಮ್ಮೆ ಸೈಫನ್ ಹಾಕಿ ತೆಗೆಯುತ್ತೇನೆ. ಕೊಳವೆಯನ್ನು ಎಂದೂ ಬಾಯಿಂದ ಎಳೆಯಬೇಡಿ, ಆರೋಗ್ಯವಾಗಿರುವ ಆಮೆಯ ನೀರಿನಲ್ಲೂ ಸಾಲ್ಮೊನೆಲ್ಲಾ ರೋಗಾಣು ಇರಬಹುದು.

ಆಮೆಯ ಹೊಲಸಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೇಟಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ಇದ್ದ ಹಳೆಯ ತೊಟ್ಟಿಯ ಕೊಳಕು ಸ್ಪಂಜನ್ನು ತೊಳೆಯದೆ ಡ್ರಮ್ಮಿಗೆ ಹಾಕಿದ್ದರಿಂದ ಎರಡೂವರೆ ವಾರದಲ್ಲಿ ಅಮೋನಿಯಾ ಸೊನ್ನೆಗೆ ಬಂತು. ಉಳಿಯುವ ನೈಟ್ರೇಟನ್ನು ಹೀರಲೆಂದು ಮನಿ ಪ್ಲಾಂಟಿನ ಬೇರುಗಳನ್ನು ಡ್ರಮ್ಮಿನಲ್ಲಿ ಇಳಿಬಿಟ್ಟು ನೋಡಿದೆ. ಎಂಟು ಬಳ್ಳಿ ಹಾಕಿದ ಮೇಲೆ ಹತ್ತು ದಿನಕ್ಕೊಮ್ಮೆ ಮಾಡುತ್ತಿದ್ದ ಕಾಲುಭಾಗ ನೀರಿನ ಬದಲಾವಣೆ ಹದಿನೈದು ದಿನಕ್ಕೆ ಹೋಯಿತು. ಎಲೆಗಳಲ್ಲಿ ಬಾಯಿ ಉರಿಸುವ ಕ್ಯಾಲ್ಸಿಯಂ ಆಕ್ಸಲೇಟ್ ಇರುವುದರಿಂದ ಬಳ್ಳಿ ಆಮೆಗೆ ಎಟುಕಬಾರದು. ಪಾಚಿ ತಿನ್ನಲಿ ಎಂದು ಬಸವನಹುಳುಗಳನ್ನೂ ಬಿಟ್ಟಿದ್ದೆ. ಎರಡು ದಿನದಲ್ಲಿ ಆಮೆಗಳು ಒಂದನ್ನೂ ಉಳಿಸಲಿಲ್ಲ. ತಳಕ್ಕೆ ಜಲ್ಲಿ ಹಾಕಲೇ ಇಲ್ಲ, ನುಂಗಿ ಕರುಳು ಕಟ್ಟಿಕೊಂಡ ಆಮೆಯನ್ನು ಬೇರೆಯವರ ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಹಣ ಉಳಿಸಲು ಹೋಗಿ ನಿಜವಾಗಿ ನೊಂದದ್ದು ಬೆಳಕಿನ ವಿಷಯದಲ್ಲಿ. ಬಿಸಿಲು ಕಾಯುವ ಕಟ್ಟೆಯ ಮೇಲೆ ಯುವಿಬಿ ದೀಪ (ಚಿಪ್ಪು ಗಟ್ಟಿಯಾಗಲು ಬೇಕಾದ ಬಿಸಿಲಿನ ಅತಿನೇರಳೆ ಕಿರಣ ಕೊಡುವುದು) ಹಾಕಿದೆ. ನೀರು ಸಿಡಿಯದಿರಲೆಂದು ನಡುವೆ ಗಾಜಿನ ತಟ್ಟೆ ಇಟ್ಟೆ. ಸಾಮಾನ್ಯ ಗಾಜು ಯುವಿಬಿಯನ್ನು ಬಹುತೇಕ ತಡೆಯುತ್ತದೆ ಎಂಬುದು ಓದಿ ಗೊತ್ತಿದ್ದ ಸಂಗತಿಯೇ, ಆ ಹೊತ್ತಿಗೆ ಹೊಳೆಯಲಿಲ್ಲ. ಕೆಲವು ತಿಂಗಳ ನಂತರ ಕಿರಿಯ ಆಮೆಯ ಚಿಪ್ಪಿನ ಅಂಚು ಹೆಬ್ಬೆರಳಿಗೆ ಮೆತ್ತಗೆ ತಾಗಿದಾಗ ನನ್ನ ಎದೆ ಧಸಕ್ಕೆಂದಿತು. ಪಶುವೈದ್ಯರು ಕ್ಯಾಲ್ಸಿಯಂ ಬರೆದುಕೊಟ್ಟರು, ಗಾಜನ್ನು ಅಂದೇ ತೆಗೆದೆ, ದೀಪವನ್ನು ಕಟ್ಟೆಯಿಂದ 30 ಸೆಂಟಿಮೀಟರಿಗೆ ತಂದೆ. ಅಂಚು ಗಟ್ಟಿಯಾಗಲು ಅರ್ಧ ವರ್ಷ ಹಿಡಿಯಿತು. ಈಗ ದೀಪ ಉರಿಯುತ್ತಿದ್ದರೂ ಹತ್ತು ತಿಂಗಳಿಗೆ ಬದಲಿಸುತ್ತೇನೆ, ಏಕೆಂದರೆ ಕಣ್ಣಿಗೆ ಕಾಣುವ ಬೆಳಕು ಉಳಿದಿದ್ದರೂ ಯುವಿಬಿ ಕುಂದಿರುತ್ತದೆ. ಕಟ್ಟೆಯ ಬಿಸಿ 33ರಿಂದ 35 ಡಿಗ್ರಿ, ನೀರು 25. ಇಳಿಜಾರಿನಲ್ಲಿ ಕಾಲು ಜಾರದಂತೆ ಏನು ಹೊದಿಸಿದ್ದೇನೆಂದು ಬಂದು ನೋಡಿದವರಿಗಷ್ಟೇ ಗೊತ್ತು.

ಗಾಜಿನ ಹೀಟರ್ ಒಂದನ್ನು ದೊಡ್ಡ ಹೆಣ್ಣಾಮೆ ಚಿಪ್ಪಿನಿಂದ ಗುದ್ದಿ ಒಡೆದುಹಾಕಿತು. ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ತಕ್ಷಣ ಬಿದ್ದದ್ದರಿಂದ ಮೂರು ಜೀವಗಳು ಉಳಿದವು. ಈ ಒಂದು ಸಾಮಾನಿನಲ್ಲಿ ಯಾರೂ ಕಾಸು ಉಳಿಸಬಾರದು. ಲೋಹದ ಹೀಟರನ್ನು ತೂತುಗಳ ಪೈಪಿನೊಳಗೆ ಕೂರಿಸಿದ್ದೇನೆ. ವಿದ್ಯುತ್ತಿನ ಲೆಕ್ಕ ಹೀಗಿದೆ: ಪಂಪಿಗೆ ತಿಂಗಳಿಗೆ 25 ಯೂನಿಟ್, ಬಿಸಿಯ ಬಲ್ಬಿಗೆ 22, ಯುವಿಬಿಗೆ 7, ಹೀಟರಿನದು ಋತುವಿನಂತೆ ಏರಿಳಿಯುತ್ತದೆ. ಮೂರನೆಯ ಕೊಳಕ್ಕೆ ಆದ ಖರ್ಚು ಅಷ್ಟೇ ನೀರು ಹಿಡಿಯುವ ಗಾಜಿನ ತೊಟ್ಟಿಯ ಅರ್ಧಕ್ಕಿಂತ ಕಡಿಮೆ. ವಾರಕ್ಕೆ 15–20 ಲೀಟರ್ ಆವಿಯಾಗಿ ಹೋಗುತ್ತದೆ, ಹಿಂದಿನ ಗೋಡೆಗೆ ಬೂಷ್ಟು ಬಂದ ಮೇಲೆ ಕೊಳವನ್ನು ಒಂದು ಗೇಣು ಮುಂದಕ್ಕೆ ಸರಿಸಬೇಕಾಯಿತು, ಅಂದರೆ ಮತ್ತೊಮ್ಮೆ ಖಾಲಿ ಮಾಡಿ ತುಂಬಬೇಕಾಯಿತು.

ಈ ವರ್ಷ ಕಟ್ಟೆಯ ಪಕ್ಕದಲ್ಲಿ ಗೂಡುಪೆಟ್ಟಿಗೆ ಸೇರಿಸಿದೆ. ಗಂಡಿನ ಸಂಗವಿಲ್ಲದಿದ್ದರೂ ಹೆಣ್ಣಾಮೆ ಮೊಟ್ಟೆ ಕಟ್ಟುತ್ತದೆ, ಅಗೆಯಲು ಮಣ್ಣು ಸಿಗದಿದ್ದರೆ ಒಳಗೇ ಹಿಡಿದಿಟ್ಟುಕೊಂಡು ಸಾಯಲೂಬಹುದು. ಮೊದಲು ಬರಿಯ ಮರಳು ಹಾಕಿದ್ದೆ; ಅಗೆದ ಕುಳಿ ಕುಸಿದು ಕುಸಿದು, ಅದು ಎರಡು ದಿನ ಬೇಸತ್ತು ನೀರಿಗಿಳಿಯಿತು. ಮರಳಿಗೆ ಸಮಪಾಲು ಮಣ್ಣು ಬೆರೆಸಿ, ಮುಷ್ಟಿ ಹಿಡಿದರೆ ಉಂಡೆಯಾಗುವಷ್ಟು ನೀರು ಚಿಮುಕಿಸಿ, 30 ಸೆಂಟಿಮೀಟರ್ ಆಳಕ್ಕೆ ತುಂಬಿಸಿದ ಮರುಸಂಜೆಯೇ ಅದು ಹಿಂಗಾಲುಗಳನ್ನು ಒಂದಾದ ಮೇಲೊಂದರಂತೆ ಇಳಿಸಿ ಹೂಜಿಯಾಕಾರದ ಕುಳಿ ತೋಡಿ ಏಳು ಮೊಟ್ಟೆ ಇಟ್ಟಿತು. ಅವು ಬರಡು ಮೊಟ್ಟೆಗಳೇ. ಆದರೂ ಅದು ಮುಚ್ಚಿ ತಟ್ಟಿ ಸಮಮಾಡಿದ ಮಣ್ಣನ್ನು ಮರುದಿನದವರೆಗೆ ಕೆದಕಲು ನನಗೆ ಮನಸ್ಸು ಬರಲಿಲ್ಲ.