ಜೀವಂತ ಕೋಶದೊಳಗಿನ ಪಿಎಚ್ ಅಳೆಯುವುದು ಹೇಗೆ?

ಕೋಶದ ಸೈಟೋಪ್ಲಾಸಂ ಪಿಎಚ್ ಸಾಮಾನ್ಯವಾಗಿ 7.2ರ ಆಸುಪಾಸು ಇರುತ್ತದೆ. ಪಿಎಚ್‌ಗೆ ತಕ್ಕಂತೆ ಹೊಳಪು ಬದಲಿಸುವ ಬಿಸಿಇಸಿಎಫ್ ಬಣ್ಣದ ಪಿಕೆಎ (ಅದು ಚೆನ್ನಾಗಿ ಸ್ಪಂದಿಸುವ ಪಿಎಚ್) ಸುಮಾರು 7. ಹಾಗಾಗಿ ಮೊದಲು ಇದನ್ನೇ ಹಿಡಿಯಿರಿ. ಲೈಸೋಸೋಮ್‌ಗೆ (ಕೋಶದೊಳಗಿನ ಜೀರ್ಣಚೀಲ) ಮಾತ್ರ ಬೇಡ, ಅಲ್ಲಿನ ಪಿಎಚ್ 4.5ರಿಂದ 5, ಈ ಬಣ್ಣಕ್ಕೆ ಅದು ಕೈಗೆಟುಕುವುದಿಲ್ಲ.

ಕೊಳ್ಳಬೇಕಾದ್ದು ಈ ಬಣ್ಣದ ಎಎಂ (ಅಸಿಟಾಕ್ಸಿಮಿಥೈಲ್) ಎಸ್ಟರ್ ರೂಪ. ಅದು ಪೊರೆ ದಾಟಿ ಒಳಗೆ ಹೋಗುತ್ತದೆ, ಅಲ್ಲಿನ ಎಸ್ಟರೇಸ್ ಕಿಣ್ವ ಕತ್ತರಿಸಿದ ಮೇಲೆ ಸುಲಭವಾಗಿ ಹೊರಬರಲಾರದು. ಸೀರಂನಲ್ಲೂ ಎಸ್ಟರೇಸ್ ಇರುತ್ತದೆ, ಅಲ್ವಾ? ಅದು ಬಣ್ಣವನ್ನು ಹೊರಗೇ ಕತ್ತರಿಸಿಬಿಡುತ್ತದೆ. ಅದಕ್ಕೇ ಸೀರಂ ಇಲ್ಲದ ಹೆಪೆಸ್ ಬಫರ್‌ನಲ್ಲಿ (ಪಿಎಚ್ ಸ್ಥಿರವಾಗಿಡುವ ದ್ರಾವಣ) 1ರಿಂದ 5 ಮೈಕ್ರೋಮೋಲಾರ್ ಹಾಕಿ, 37 ಡಿಗ್ರಿಯಲ್ಲಿ 20-30 ನಿಮಿಷ ಬಿಟ್ಟು ತೊಳೆಯಿರಿ. ಸುಮ್ನೆ ಜಾಸ್ತಿ ಸುರಿಯಬೇಡಿ. ಎಸ್ಟರ್ ಒಡೆದಾಗ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ, ಕೋಶಕ್ಕೆ ಅದು ವಿಷ.

490 ಮತ್ತು 440 ನ್ಯಾನೋಮೀಟರ್ ಬೆಳಕನ್ನು ಸರದಿಯಂತೆ ಹಾಯಿಸಿ, 535ರ ಸುತ್ತ ಬರುವ ಹೊಳಪು ಅಳೆದು, ಹಿನ್ನೆಲೆ ಬೆಳಕು ಕಳೆದು, 490ರದನ್ನು 440ರದರಿಂದ ಭಾಗಿಸಿ. 440ರ ಹೊಳಪು ಪಿಎಚ್‌ಗೆ ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಒಂದು ಕೋಶದಲ್ಲಿ ಬಣ್ಣ ಕಡಿಮೆ, ಇನ್ನೊಂದರಲ್ಲಿ ಹೆಚ್ಚು ಇದ್ದರೂ ಹೋಲಿಸಬಹುದು.

ಕ್ಯಾಲಿಬ್ರೇಷನ್ (ಗೊತ್ತಿರುವ ಪಿಎಚ್‌ಗಳೊಂದಿಗೆ ತಾಳೆ ನೋಡುವುದು) ಮಾತ್ರ ದಯವಿಟ್ಟು ಬಿಡಬೇಡಿ, ಅದಿಲ್ಲದೆ ನಿಮ್ಮ ಕೈಯಲ್ಲಿರುವುದು ಅನುಪಾತವೇ ಹೊರತು ಪಿಎಚ್ ಅಲ್ಲ. ಕೋಶದೊಳಗಿನಷ್ಟೇ, ಅಂದರೆ ಸುಮಾರು 140 ಮಿಲಿಮೋಲಾರ್ ಪೊಟ್ಯಾಸಿಯಂ ಇರುವ ಬಫರ್‌ಗೆ 10 ಮೈಕ್ರೋಮೋಲಾರ್ ನೈಜೆರಿಸಿನ್ (ಪೊರೆಯ ಮೂಲಕ ಪೊಟ್ಯಾಸಿಯಂ ಮತ್ತು ಹೈಡ್ರೋಜನ್ ಅಯಾನುಗಳನ್ನು ಅದಲುಬದಲು ಮಾಡುವ ವಸ್ತು) ಸೇರಿಸಿದರೆ ಒಳಗಿನ ಪಿಎಚ್ ಹೊರಗಿನದಕ್ಕೆ ಸಮ ಆಗುತ್ತದೆ. 6.5ರಿಂದ 7.8ರವರೆಗೆ ನಾಲ್ಕೈದು ಬಫರ್ ಹಾಯಿಸಿ ಗ್ರಾಫ್ ಎಳೆಯಿರಿ. ನೈಜೆರಿಸಿನ್ ಪ್ಲಾಸ್ಟಿಕ್ ಕೊಳವೆಗೆ ಅಂಟಿಕೊಂಡು ಮುಂದಿನ ಪ್ರಯೋಗವನ್ನೂ ಕೆಡಿಸುತ್ತದೆ, ಅದಕ್ಕೆ ಬೇರೆ ಕೊಳವೆಯನ್ನೇ ಇಡಿ.