ಚಿಲ್ಲರೆ ಎಣಿಸಲೂ ಚಾರ್ಜು: ಬದಿಯಡ್ಕದಲ್ಲಿ ನಾನು ಮಾಡಿದ್ದು

ಕಾಸರಗೋಡು ಜಿಲ್ಲೆಯ ಬದಿಯಡ್ಕ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ದಿನಸಿ ಅಂಗಡಿ. ಚಿಲ್ಲರೆ ನಮಗೆ ಬಸ್ಸಿನಿಂದಲೇ ಬರುತ್ತದೆ. ಕೇರಳದಲ್ಲಿ ಶಾಲೆ ಮಕ್ಕಳ ಕನ್ಸೆಶನ್ ಟಿಕೆಟ್ ಒಂದು ರೂಪಾಯಿಯಿಂದ ಶುರು, ಅಲ್ವಾ? ಬೆಳಗ್ಗಿನ ಟ್ರಿಪ್ ಮುಗಿಯುವಾಗ ಕಂಡಕ್ಟರ್ ಬ್ಯಾಗು ತುಂಬ ನಾಣ್ಯ. "ಅಣ್ಣಾ, ಇದಕ್ಕೆ ನೋಟು ಉಂಟಾ?" ಎಂದು ಬರುತ್ತಾರೆ. ಮೊದಲು ನಾನೇ ಕೇಳಿ ತೆಗೆದುಕೊಳ್ಳುತ್ತಿದ್ದೆ. ಈಗ ಗಿರಾಕಿಗಳು ಮೊಬೈಲಿನಲ್ಲಿ ಪೈಸೆ ಸಮೇತ ಕಳಿಸುತ್ತಾರೆ. ಹಾಗಾಗಿ ಒಂದು ವರ್ಷದಲ್ಲಿ ನಾಲ್ಕು ಡಬ್ಬ ತುಂಬಿತು.

ಚೀಲಕ್ಕೆ ಸುರಿದು ಬ್ಯಾಂಕಿಗೆ ಹೋದೆ. ಕೌಂಟರಿನ ಮೇಡಂ, "ದಿನಕ್ಕೆ ನೂರು ನಾಣ್ಯ ಫ್ರೀ. ಮತ್ತೆ ನೂರಕ್ಕೆ ಐದು ರೂಪಾಯಿ, ಜಿಎಸ್‌ಟಿ ಬೇರೆ" ಎಂದರು. ಮಕ್ಕಳ ಬಸ್ ಚಾರ್ಜಿನ ದುಡ್ಡು ಕಟ್ಟಲೂ ದುಡ್ಡು ಕೊಡಬೇಕಲ್ಲ ಎಂದು ತುಂಬ ಬೇಸರವಾಯಿತು. ಚೀಲ ಹೊತ್ತು ವಾಪಸ್ ಬಂದೆ.

ರಾತ್ರಿ ಚಾಪೆ ಹಾಸಿ ಮನೆಯವರೆಲ್ಲ ವಿಂಗಡಿಸಲು ಕುಳಿತೆವು. ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ಸಾಕು ಎಂದುಕೊಂಡಿದ್ದೆ. ಆಗಲಿಲ್ಲ. 2011ರ ಮಾದರಿಯ ಒಂದು ರೂಪಾಯಿ 3.79 ಗ್ರಾಂ, ನೂರಕ್ಕೆ 379 ಗ್ರಾಂ. ಆದರೆ ತೊಂಬತ್ತರ ದಶಕದ ದೊಡ್ಡ ಒಂದು ರೂಪಾಯಿಯೂ 2011ರ ಮಾದರಿಯ ಎರಡು ರೂಪಾಯಿಯೂ 4.85 ಗ್ರಾಮೇ. ಅಗಲವೂ ಒಂದೇ, 25 ಮಿಲಿಮೀಟರ್. ಕೈಗೆ ಗೊತ್ತೇ ಆಗುವುದಿಲ್ಲ. 2019ರ ಮಾದರಿ ಇನ್ನೂ ಹಗುರ. ಮೊದಲು ಕಣ್ಣಲ್ಲಿ ನೋಡಿ ಬೇರೆ ಮಾಡಬೇಕು, ಆಮೇಲೆ ತೂಕ. ನಡುವೆ ನಾಲ್ಕಾಣೆ ಸಿಕ್ಕಿದವು. ಅವು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ, ಮಗಳಿಗೆ ಕೊಟ್ಟೆ.

ಲೆಕ್ಕ ಹೀಗಾಯಿತು: ಒಂದರದ್ದು 1,400, ಎರಡರದ್ದು 900, ಐದರದ್ದು 380, ಹತ್ತರದ್ದು 120. ಒಟ್ಟು 2,800 ನಾಣ್ಯ, 6,300 ರೂಪಾಯಿ. ಒಮ್ಮೆಲೇ ಕಟ್ಟಿದರೆ ಚಾರ್ಜು 135, ಜಿಎಸ್‌ಟಿ ಸೇರಿ 159 ರೂಪಾಯಿ 30 ಪೈಸೆ. ನನಗೆ ಅದು ಸಣ್ಣದಲ್ಲ.

ಹಾಗಾಗಿ ನೂರು ನೂರರ ಪ್ಲಾಸ್ಟಿಕ್ ಪೊಟ್ಟಣ ಕಟ್ಟಿ, ಮೇಲೆ ಮೊತ್ತ ಬರೆದೆ. ಐದು, ಹತ್ತರ ನಾಣ್ಯಗಳನ್ನು ಮೆಡಿಕಲ್ ಶಾಪಿನವರೂ ಬೇಕರಿಯವರೂ ಎರಡೇ ದಿನದಲ್ಲಿ ಕೊಂಡುಹೋದರು. ಹತ್ತರ ನಾಣ್ಯ ನಕಲಿ ಎಂದು ಒಬ್ಬರು ಹಿಂಜರಿದರು. 14 ವಿನ್ಯಾಸಗಳೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ ಎಂದು ತಿಳಿಸಿದೆ, ತೆಗೆದುಕೊಂಡರು. ಎರಡರದ್ದು ಹೋಟೆಲಿಗೂ ತರಕಾರಿ ಅಂಗಡಿಗೂ ಹೋಯಿತು. ಯಾರಿಂದಲೂ ಕಮಿಷನ್ ತೆಗೆದುಕೊಳ್ಳಲಿಲ್ಲ. ಚಿಲ್ಲರೆ ಕೊಟ್ಟದ್ದಕ್ಕೆ ಹಣ ಕೇಳುವುದು ನನಗೆ ಸರಿ ಕಾಣುವುದಿಲ್ಲ.

ಒಂದರದ್ದು ಆರು ಪೊಟ್ಟಣ ಉಳಿಯಿತು. ಹೇಗೂ ಅಂಗಡಿ ದುಡ್ಡು ಕಟ್ಟಲು ಬ್ಯಾಂಕಿಗೆ ಹೋಗುತ್ತೇನಲ್ಲ, ದಿನಕ್ಕೊಂದು ಒಯ್ದೆ. ನಾಣ್ಯ ಬೇಡ ಎಂದು ಬ್ಯಾಂಕಿನವರು ಹೇಳುವ ಹಾಗಿಲ್ಲ. ಚಾರ್ಜು ಮಾತ್ರ ಒಂದೊಂದು ಬ್ಯಾಂಕಿಗೆ ಒಂದೊಂದು ತರ, ಹಾಗಾಗಿ ಮೊದಲೇ ಕೇಳಿಕೊಳ್ಳಿ. ಪೊಟ್ಟಣ ಕಟ್ಟಿ ಒಯ್ದರೆ ಮೇಡಂಗೂ ಸುಲಭ. ಆರನೇ ದಿನ, "ನಾಳೆಯೂ ಉಂಟಾ?" ಎಂದು ಅವರೇ ಕೇಳಿದರು. ಇಲ್ಲ ಎಂದೆ.

ಈಗ ಶನಿವಾರ ಸಂಜೆ ಪೊಟ್ಟಣ ಕಟ್ಟುವ ಕೆಲಸ ಮಗಳದ್ದು. ಸೋಮವಾರ ಬೆಳಗ್ಗೆ ಮೆಡಿಕಲ್ ಶಾಪಿನ ಹುಡುಗ ಬಂದು ಕೊಂಡುಹೋಗುತ್ತಾನೆ.